ಇವತ್ತು ಬರೀ ಸೊಪ್ಪೇ?

ಊಟದ ಹೊತ್ತಿಗೆ ಪಾತ್ರೆಯ ಮುಚ್ಚಳ ಎತ್ತಿ ನೋಡಿ "ಇವತ್ತು ಬರೀ ಸೊಪ್ಪೇ?" ಎಂದು ಕೇಳುವವರು ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ. ಒಬ್ಬರು ಯಜಮಾನರು, ಇನ್ನೊಬ್ಬ ಹೈಸ್ಕೂಲಿಗೆ ಹೋಗುವ ಮಗ. ಇಬ್ಬರೂ ಎರಡೆರಡು ಸಲ ಬಡಿಸಿಕೊಂಡು ಉಂಡೇ ಏಳುತ್ತಾರೆ ಎಂಬುದು ಬೇರೆ ಮಾತು. ಆದರೂ ಆ ‘ಬರೀ’ ಎಂಬ ಎರಡಕ್ಷರ ನನಗೆ ಪ್ರತಿ ಸಲವೂ ಚುಚ್ಚುತ್ತದೆ. ಶಿರಸಿ ಕಡೆಯ ಹಳ್ಳಿಯೊಂದರಲ್ಲಿ, ಅಡಿಕೆ ತೋಟದ ಮೇಲ್ಭಾಗದ ಮನೆಯಲ್ಲಿ ಬೆಳೆದ ನನಗೆ ಸೊಪ್ಪೆಂದರೆ ಅನ್ನದ ಬದಿಗೆ ಹಾಕಿಕೊಳ್ಳುವ ಒಂದು ಚಮಚ ಪಲ್ಯ ಎಂಬ ಕಲ್ಪನೆಯೇ ಇರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಪೇಟೆಯ ತರಕಾರಿ ಮನೆಗೆ ಬರುತ್ತಿದ್ದುದೇ ಅಪರೂಪ. ಹಿತ್ತಿಲು, ತೋಟದ ಅಂಚು, ಬೇಣದ ಬದಿ ಏನು ಕೊಟ್ಟವೋ ಅದನ್ನೇ ಬೇಯಿಸಿ ಉಂಡು, ಅದೇ ಬಲದ ಮೇಲೆ ದಿನವಿಡೀ ತೋಟದಲ್ಲಿ ದುಡಿದವರು ನಮ್ಮ ಹಿರಿಯರು.

ನಮ್ಮ ಕಡೆ ‘ಸೊಪ್ಪಿಗೆ ಹೋಗಿದ್ದಾರೆ’ ಎಂದರೆ ಅಡುಗೆಯ ಸೊಪ್ಪಿಗೆ ಎಂದು ಯಾರೂ ತಿಳಿಯುವುದಿಲ್ಲ. ಅಡಿಕೆ ಮರದ ಬುಡಕ್ಕೆ ಮತ್ತು ಕೊಟ್ಟಿಗೆಗೆ ಹಾಕಲು ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದಾರೆ ಎಂದೇ ಅರ್ಥ. ಅಡುಗೆಯದಕ್ಕೆ ಅದರದರ ಹೆಸರು ಹಿಡಿದೇ ಹೇಳಬೇಕು: ಬಸಳೆ, ಹರಿವೆ, ಕೆಸು, ತಗಟೆ, ಒಂದೆಲಗ, ನುಗ್ಗೆ. ಎಲ್ಲವನ್ನೂ ಒಂದೇ ‘ಸೊಪ್ಪು’ ಎಂಬ ಹೆಸರಿನ ಕೆಳಗೆ ತಂದು ಒಂದೇ ರೀತಿಯಲ್ಲಿ ಬೇಯಿಸಿ ಒಂದೇ ಒಗ್ಗರಣೆ ಹಾಕಿದಾಗಲೇ ಅದು ಬರೀ ಸೊಪ್ಪಾಗುತ್ತದೆ ಎಂಬುದು ನನ್ನ ಅನುಭವ. ಒಂದೊಂದಕ್ಕೂ ಅದರದೇ ಹುಳಿ ಇದೆ, ಅದರದೇ ಜೊತೆಗಾರ ಕಾಳೋ ಬೀಜವೋ ಇದೆ. ಆ ಜೋಡಿ ಸರಿಯಾಗಿ ಕೂಡಿತೆಂದರೆ ಬೇರೆ ತರಕಾರಿ ಬೇಡವೇ ಬೇಡ.

ಕಾರವಾರಕ್ಕೆ ಬಂದು ನಮಗೆ ಹನ್ನೆರಡು ವರ್ಷವಾಯಿತು. ಬಾಡಿಗೆ ಮನೆ, ಹಿತ್ತಿಲಿಲ್ಲ. ಹಾಗಾಗಿ ಭಾನುವಾರದ ಸಂತೆಯೇ ನನ್ನ ಹಿತ್ತಿಲು. ಅಂಕೋಲೆಯ ಕಡೆಯಿಂದ ಬರುವ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ ತರುವ ಸೊಪ್ಪಿಗೂ, ವಾರವಿಡೀ ತಂಪುಪೆಟ್ಟಿಗೆಯಲ್ಲಿಟ್ಟು ಮಾರುವ ಅಂಗಡಿಯ ಸೊಪ್ಪಿಗೂ ಹೋಲಿಕೆಯೇ ಇಲ್ಲ. ಅವರಲ್ಲಿ ಒಬ್ಬಾಕೆ ನನಗೆ ಖಾಯಂ. ಬಾಳೆನಾರಿನಲ್ಲಿ ಕಟ್ಟಿದ ಬಸಳೆಯ ಹೊರೆಯಿಂದ ಒಂದು ದಂಟನ್ನು ಎಳೆದು, ಬೆರಳ ನಡುವೆ ಹಿಡಿದು ಟಕ್ಕೆಂದು ಮುರಿದು ತೋರಿಸಿ, "ಬೆಳಗಾಗೆ ಕುಯ್ದದ್ ಅಮ್ಮಾ, ನಾರಿದ್ರೆ ಕೇಳಿ" ಎನ್ನುತ್ತಾರೆ. ಮುರಿದ ತುದಿಯಲ್ಲಿ ಅಂಟುರಸದ ಒಂದು ಹನಿ ಮೂಡಿ ನಿಲ್ಲುತ್ತದೆ. ಬಸಳೆ ಕೊಳ್ಳುವವರು ಎಲೆಯ ಹೊಳಪನ್ನು ನೋಡುತ್ತಾರೆ. ನೋಡಬೇಕಾದದ್ದು ಈ ಹನಿಯನ್ನು ಮತ್ತು ಮುರಿಯುವಾಗಿನ ಆ ಸಪ್ಪಳವನ್ನು. ಮುರಿಯದೆ ಬಾಗಿದರೆ ದಂಟು ಬಲಿತು ನಾರಾಗಿದೆ ಎಂದು ತಿಳಿಯಬೇಕು.

ಬಸಳೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಸೊಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರಿಗೆ ಕೊಡಬಹುದಾದ ಉತ್ತರಗಳಲ್ಲಿ ಇದೇ ಮೊದಲನೆಯದು. ಅನೇಕರು ಎಲೆಯನ್ನು ಮಾತ್ರ ಇಟ್ಟುಕೊಂಡು ದಂಟನ್ನು ಎಸೆಯುತ್ತಾರೆ. ಆದರೆ ಬಸಳೆ ಹುಳಿಯ ತಿರುಳೆಲ್ಲ ದಂಟಿನಲ್ಲಿದೆ. ನಮ್ಮಲ್ಲಿ ಬಸಳೆಗೆ ಹಲಸಿನ ಬೀಜವೇ ಜೋಡಿ. ಊರಿನ ಮಾತಿನಲ್ಲಿ ಅದನ್ನು ಹಲಸಿನ ಬೇಳೆ ಎನ್ನುತ್ತೇವೆ. ಮೇ, ಜೂನ್ ತಿಂಗಳಲ್ಲಿ ಹಣ್ಣು ತಿಂದು ಉಳಿದ ಬೀಜಕ್ಕೆ ಕೆಮ್ಮಣ್ಣಿನ ಲೇಪ ಕೊಟ್ಟು ಒಣಗಿಸಿ ಮೂಲೆಯಲ್ಲಿ ರಾಶಿ ಹಾಕಿಟ್ಟರೆ ಮಳೆಗಾಲ ಮುಗಿಯುವವರೆಗೂ ಅದು ಕೆಡದೆ ಉಳಿಯುತ್ತಿತ್ತು. ಬೆಂದ ಬೀಜ ಹೆಚ್ಚುಕಡಿಮೆ ಆಲೂಗಡ್ಡೆಯಂತೆ ಹಿಟ್ಟುಹಿಟ್ಟಾಗಿ ಹೊಟ್ಟೆಗೆ ಭಾರ ಕೊಡುತ್ತದೆ. ಆದರೆ ಆಲೂಗಡ್ಡೆಗಿಲ್ಲದ ಒಂದು ಸಣ್ಣ ಸಿಹಿ ಇದಕ್ಕಿದೆ.

ನಾಲ್ಕು ಜನರಿಗೆ ಸುಮಾರು ಅರ್ಧ ಕೆ.ಜಿ. ಬಸಳೆ ಮತ್ತು ಹದಿನೈದು ಹಲಸಿನ ಬೀಜ ಬೇಕು. ಬೀಜದ ಮೇಲಿನ ಬಿಳಿಯ ಗಟ್ಟಿ ಸಿಪ್ಪೆಯನ್ನು ತೆಗೆಯಬೇಕು. ಒಳಗಿನ ಕಂದು ಸಿಪ್ಪೆ ಇದ್ದರೆ ತೊಂದರೆಯಿಲ್ಲ, ಅದನ್ನು ಕೆರೆಯುತ್ತ ಕೂತರೆ ಬೆಳಗೇ ಕಳೆದುಹೋಗುತ್ತದೆ. ಅರ್ಧ ಲೋಟ ತೊಗರಿಬೇಳೆಯ ಜೊತೆ ಬೀಜವನ್ನು ಕುಕ್ಕರಿನಲ್ಲಿ ಬೇಯಿಸಿಕೊಳ್ಳುತ್ತೇನೆ. ಬಸಳೆ ದಂಟನ್ನು ಬೆರಳುದ್ದಕ್ಕೆ ಹೆಚ್ಚಿ, ಬೇರೆ ಪಾತ್ರೆಯಲ್ಲಿ ಉಪ್ಪು ಮತ್ತು ಚಿಟಿಕೆ ಅರಿಶಿನ ಹಾಕಿ ಬೇಯಿಸಿ, ದಂಟು ಮುಕ್ಕಾಲು ಬೆಂದ ಮೇಲೆ ಎಲೆ ಸೇರಿಸಬೇಕು. ಎಲೆಗೆ ಐದು ನಿಮಿಷ ಸಾಕು. ಮಸಾಲೆಗೆ ಆರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತ್ಯ. ಇವನ್ನು ತೆಂಗಿನೆಣ್ಣೆಯಲ್ಲಿ ಹುರಿದು ಒಂದು ಬಟ್ಟಲು ತೆಂಗಿನತುರಿಯೊಂದಿಗೆ ನುಣ್ಣಗೆ ಬೀಸಿಕೊಳ್ಳುವುದು. ಬೇಳೆ, ಬೀಜ, ಸೊಪ್ಪು, ಮಸಾಲೆ ಎಲ್ಲವೂ ಕೂಡಿದ ಮೇಲೆ, ಕಡೆಗೆ, ಹುಣಸೆರಸ ಮತ್ತು ಒಂದು ತುಂಡು ಬೆಲ್ಲ. ಮೇಲಿನಿಂದ ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದ ಒಗ್ಗರಣೆ.

‘ಕಡೆಗೆ’ ಎಂಬುದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಹುಳಿಯನ್ನು ಮೊದಲೇ ಹಾಕಿದರೆ ಬೇಳೆಯೂ ಬೇಯುವುದಿಲ್ಲ, ಬೀಜವೂ ಬೇಯುವುದಿಲ್ಲ, ದಂಟೂ ಬೇಯುವುದಿಲ್ಲ. ಆಮ್ಲವಿದ್ದಲ್ಲಿ ಕಾಳುಗಳ ಮತ್ತು ತರಕಾರಿಯ ಕೋಶಗಳನ್ನು ಹಿಡಿದಿಟ್ಟಿರುವ ಅಂಟು ಬೇಗ ಸಡಿಲವಾಗುವುದಿಲ್ಲ. ಸೊಪ್ಪಿನ ಬಣ್ಣ ಕೆಡುವುದಕ್ಕೂ ಇದೇ ಕಾರಣ. ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ನ ನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಬಿಸಿಯಲ್ಲಿ ಹುಳಿ ತಗುಲಿದರೆ ಅದು ಜಾಗ ಬಿಟ್ಟು ಹೋಗಿ ಸೊಪ್ಪು ಕೆಸರುಬಣ್ಣಕ್ಕೆ ತಿರುಗುತ್ತದೆ. ಸೊಪ್ಪಿನೊಳಗೇ ಸ್ವಲ್ಪ ಆಮ್ಲವಿರುವುದರಿಂದ ಮುಚ್ಚಳ ಹಾಕಿ ಬಹಳ ಹೊತ್ತು ಬೇಯಿಸಿದರೂ ಹೀಗೆಯೇ ಆಗುತ್ತದೆ. ಮುಚ್ಚಳ ತೆರೆದಿಟ್ಟು ಬೇಯಿಸು ಎಂದು ನನ್ನ ಆಯಿ (ಅಮ್ಮ) ಹೇಳುತ್ತಿದ್ದುದಕ್ಕೆ ಆಕೆ ಯಾವ ಕಾರಣವನ್ನೂ ಕೊಡುತ್ತಿರಲಿಲ್ಲ, ಆದರೆ ಕಾರಣ ಇದೇ. ಕೆಲವು ಹೋಟೆಲುಗಳಲ್ಲಿ ಸೊಪ್ಪು ಹಸಿರಾಗಿ ಕಾಣಲಿ ಎಂದು ಅಡುಗೆ ಸೋಡಾ ಹಾಕುತ್ತಾರೆ. ಬಣ್ಣವೇನೋ ಉಳಿಯುತ್ತದೆ, ಆದರೆ ಸೊಪ್ಪು ಲೋಳೆಯಾಗುತ್ತದೆ, ಅದರಲ್ಲಿನ ಸಿ ಮತ್ತು ಬಿ1 ಜೀವಸತ್ವಗಳೂ ಹಾಳಾಗುತ್ತವೆ. ಅದಕ್ಕಿಂತ ಬಣ್ಣಗೆಟ್ಟ ಬಸಳೆಯೇ ವಾಸಿ.

ಹರಿವೆಯದು ಬೇರೆಯೇ ದಾರಿ. ಘಟ್ಟದ ಮೇಲೆ ನಾವು ಹರಿವೆ ದಂಟನ್ನು ನಾರು ಸುಲಿದು ಹುಳಿಗೆ ಹಾಕಿದರೆ, ಇಲ್ಲಿ ಕಾರವಾರದಲ್ಲಿ ಕೆಂಪು ಹರಿವೆಯ ತಾಂಬಡಿ ಭಾಜಿಯದೇ ರಾಜ್ಯ. ಪಕ್ಕದ ಮನೆಯ ಕೊಂಕಣಿ ಬಾಯಿ (ಗೃಹಿಣಿ) ಅದನ್ನು ಮಾಡುವುದನ್ನು ನಾನು ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯವಾದದ್ದು ಒಂದೇ ವಿಷಯಕ್ಕೆ: ಅವರು ಒಂದು ಹನಿ ನೀರನ್ನೂ ಹಾಕಲಿಲ್ಲ. ಸೊಪ್ಪನ್ನು ಮೊದಲು ಮೂರು ಸಲ ತೊಳೆದರು. ಅದೂ ನಲ್ಲಿಯ ಕೆಳಗೆ ಹಿಡಿದಲ್ಲ. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ಸೊಪ್ಪನ್ನು ಮುಳುಗಿಸಿ ಅಲುಗಿಸಿ, ಮಣ್ಣು ತಳಕ್ಕೆ ಇಳಿಯುವಷ್ಟು ಹೊತ್ತು ಬಿಟ್ಟು, ಸೊಪ್ಪನ್ನು ಮೇಲಕ್ಕೆತ್ತಿ ಆಮೇಲೆ ನೀರು ಚೆಲ್ಲಿದರು. ನೀರನ್ನು ಬಗ್ಗಿಸಿ ಸೊಪ್ಪನ್ನು ಉಳಿಸಿಕೊಂಡರೆ ತಳದ ಮರಳೆಲ್ಲ ಮತ್ತೆ ಸೊಪ್ಪಿನ ಮೇಲೆಯೇ ಕೂರುತ್ತದೆ. ಮೂರನೆಯ ನೀರಿನ ತಳವನ್ನು ಅಂಗೈಯಿಂದ ಸವರಿ ನೋಡಿ, ಮರಳು ಸಿಗದಿದ್ದ ಮೇಲೆಯೇ ಹೆಚ್ಚಲು ಕುಳಿತರು. ತೊಳೆಯುವುದು ಮೊದಲು, ಹೆಚ್ಚುವುದು ಆಮೇಲೆ. ತಿರುಗಾಮುರುಗಾ ಮಾಡಿದರೆ ಕೆಂಪು ಬಣ್ಣವೂ ನೀರಿನಲ್ಲಿ ಕರಗುವ ಜೀವಸತ್ವಗಳೂ ಬಚ್ಚಲಿಗೆ ಹೋಗುತ್ತವೆ.

ಆಮೇಲಿನದು ಹತ್ತು ನಿಮಿಷದ ಕೆಲಸ. ತೆಂಗಿನೆಣ್ಣೆಯಲ್ಲಿ ಹಸಿಮೆಣಸು ಮತ್ತು ಧಾರಾಳವಾಗಿ ಈರುಳ್ಳಿ ಬಾಡಿಸಿ, ಹೆಚ್ಚಿದ ಸೊಪ್ಪನ್ನು ಹಾಕಿ, ಅದರದೇ ನೀರಿನಲ್ಲಿ ಅದು ಬೆಂದು ಬತ್ತಿದ ಮೇಲೆ ತೆಂಗಿನತುರಿ ಉದುರಿಸಿ ಇಳಿಸುವುದು. ಕುಮಟೆಯ ಸಿಹಿ ಈರುಳ್ಳಿಯ ಕಾಲದಲ್ಲಿ ಮಾಡಿದರೆ ಬೆಲ್ಲವೂ ಬೇಡ. ಈ ಪಲ್ಯಕ್ಕೆ ಉಪ್ಪನ್ನು ಮೊದಲು ಹಾಕಬಾರದು ಎಂಬುದನ್ನು ನಾನು ಕಲಿತದ್ದು ಎರಡು ಸಲ ಉಪ್ಪು ಕಡುಮಾಡಿದ ಮೇಲೆ. ಬಾಣಲೆ ತುಂಬಿ ತುಳುಕುವ ಹಸಿ ಸೊಪ್ಪನ್ನು ನೋಡಿ ಕೈ ತಾನಾಗಿಯೇ ಹೆಚ್ಚು ಉಪ್ಪು ಹಾಕುತ್ತದೆ, ಬೆಂದಾಗ ಅದು ಒಂದು ಬಟ್ಟಲಿಗೆ ಇಳಿದಿರುತ್ತದೆ.

ಈ ಇಳಿಯುವ ಗುಣವೇ ಸೊಪ್ಪಿನ ಬಗೆಗಿನ ತಪ್ಪು ತಿಳಿವಳಿಕೆಗೆ ಮೂಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನದ ಊಟದಲ್ಲಿ ಸುಮಾರು 100 ಗ್ರಾಂ ಸೊಪ್ಪು ಇರಲಿ ಎಂದು ಹೇಳಿದೆ; ಅದು ಹಸಿಯಾಗಿದ್ದಾಗಿನ ತೂಕ. ಅಂದರೆ ನಾಲ್ಕು ಜನರ ಮನೆಗೆ ಬೇರು, ಹಣ್ಣೆಲೆ ಎಲ್ಲ ತೆಗೆದ ಮೇಲೆ 400 ಗ್ರಾಂ ಉಳಿಯಬೇಕು. ಪೇಟೆಯಲ್ಲಿ ಸಿಗುವ ಸಣ್ಣ ಕಟ್ಟು ಒಂದನ್ನೇ ತಂದು, ನಾಲ್ವರಿಗೆ ಹಂಚಿ, ಇದರಿಂದ ಹೊಟ್ಟೆ ತುಂಬಲಿಲ್ಲ ಎಂದರೆ ತಪ್ಪು ಸೊಪ್ಪಿನದಲ್ಲ. ನಾನು ಹರಿವೆ ತರುವುದಾದರೆ ಮೂರು ಕಟ್ಟಿಗಿಂತ ಕಡಿಮೆ ತರುವುದೇ ಇಲ್ಲ. ಮಾರುವಾಕೆಯೂ ಈಗ ಕೇಳದೆಯೇ ಮೂರು ಕಟ್ಟನ್ನು ಚೀಲಕ್ಕೆ ಹಾಕುತ್ತಾರೆ.

ಆದರೂ ಸೊಪ್ಪೊಂದೇ ಊಟವಾಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅದರಲ್ಲಿ ಕಬ್ಬಿಣವಿದೆ, ಸುಣ್ಣವಿದೆ, ಎ ಜೀವಸತ್ವವಾಗಿ ಬದಲಾಗುವ ಕ್ಯಾರೋಟಿನ್ ಇದೆ, ನಾರಿದೆ. ಶಕ್ತಿ ಕೊಡುವ ಅಂಶ ಕಡಿಮೆ. ಅದನ್ನು ತುಂಬುವುದಕ್ಕೆಂದೇ ಬೇಳೆ, ಹಲಸಿನ ಬೀಜ, ಅಲಸಂದೆ ಕಾಳು ಮತ್ತು ತೆಂಗು ಬರುತ್ತವೆ. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶ ಬೇಳೆಕಾಳುಗಳಲ್ಲಿ ಹೇರಳವಾಗಿರುವುದರಿಂದ ಅನ್ನಕ್ಕೆ ಬೇಳೆ ಹಾಕಿದ ಹುಳಿ ಕಲಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕ್ಯಾರೋಟಿನ್ ಮೈಗೆ ಹತ್ತಬೇಕಾದರೆ ಊಟದಲ್ಲಿ ಜಿಡ್ಡಿರಬೇಕು. ತೆಂಗಿನತುರಿ ಮತ್ತು ಒಗ್ಗರಣೆಯ ಎಣ್ಣೆ ಅದನ್ನು ನೋಡಿಕೊಳ್ಳುತ್ತವೆ. ಎಣ್ಣೆಯೇ ಇಲ್ಲದೆ ಬೇಯಿಸಿದ ಸೊಪ್ಪನ್ನು ಆರೋಗ್ಯದ ಹೆಸರಿನಲ್ಲಿ ತಿನ್ನುವವರನ್ನು ಕಂಡರೆ ನನಗೆ ಸ್ವಲ್ಪ ಮರುಕವೇ ಆಗುತ್ತದೆ, ರುಚಿಯೂ ಇಲ್ಲ, ಪ್ರಯೋಜನವೂ ಅರ್ಧ. ಇನ್ನು ಸೊಪ್ಪಿನ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುವಂಥದ್ದಲ್ಲ. ಜೊತೆಗೆ ಸಿ ಜೀವಸತ್ವ ಇದ್ದರೆ ಹೆಚ್ಚು ಸೇರುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಪಲ್ಯ ಇಳಿಸಿದ ಮೇಲೆ ಲಿಂಬೆ ಹಿಂಡುವುದರಲ್ಲಿ ಈ ಅನುಕೂಲವೂ ಇದೆ. ಒಲೆಯ ಮೇಲಿರುವಾಗಲೇ ಹಿಂಡಿದರೆ ಬಿಸಿಗೆ ಆ ಜೀವಸತ್ವ ನಷ್ಟವಾಗುತ್ತದೆ. ಊಟವಾದ ಕೂಡಲೇ ಚಹಾ ಬೇಕು ಎನ್ನುವ ನಮ್ಮ ಯಜಮಾನರಿಗೆ ಇದನ್ನು ಹೇಳಿ ಹೇಳಿ ಸೋತಿದ್ದೇನೆ.

ಹುಳಿಯ ಮಾತು ಬಂದಾಗ ಕೆಸುವಿನ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹವ್ಯಕರ ಮನೆಗಳಲ್ಲಿ ಕೆಸುವಿನ ಕರಕಲಿ ಮಾಡದ ವಾರವಿರುವುದಿಲ್ಲ. ಪತ್ರೊಡೆಯನ್ನು ಎಲ್ಲರೂ ಬಲ್ಲರು, ಅದರ ಬಗ್ಗೆ ಬರೆದವರೂ ಬಹಳ. ಕರಕಲಿಗೆ ಆ ಭಾಗ್ಯ ಇಲ್ಲ, ಬಹುಶಃ ನೋಡಲು ಚೆನ್ನಾಗಿಲ್ಲದಿರುವುದೇ ಕಾರಣ. ಕಡುಹಸಿರು ಬಣ್ಣದ, ಮುದ್ದೆಯೂ ಅಲ್ಲದ ಸಾರೂ ಅಲ್ಲದ ಒಂದು ಪದಾರ್ಥ ಅದು. ಎಳೆಯ ಕೆಸುವಿನೆಲೆಯನ್ನು ಒರೆಸಿ, ನಡುವಿನ ದಪ್ಪ ನಾರು ತೆಗೆದು, ಸಣ್ಣಗೆ ಹೆಚ್ಚಿ, ಹುಳಿ, ಉಪ್ಪು, ಸೂಜಿಮೆಣಸು ಹಾಕಿ ಎಲೆಯ ಗುರುತೇ ಉಳಿಯದಂತೆ ಅರ್ಧ ಗಂಟೆಗೂ ಹೆಚ್ಚು ಬೇಯಿಸಿ ಮಸೆದು, ಹತ್ತಾರು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಆಯಿತು. ಹೊರಗೆ ಜಡಿಮಳೆ ಹಿಡಿದಿರುವಾಗ ಬಿಸಿ ಅನ್ನದ ಮೇಲೆ ಒಂದು ಸೌಟು ಕರಕಲಿ, ಅದರ ಮೇಲೊಂದು ಚಮಚ ತೆಂಗಿನೆಣ್ಣೆ ಹಾಕಿಕೊಂಡು ಉಣ್ಣುವಾಗ ಮೂಗಿನಲ್ಲಿ ನೀರಿಳಿಯುತ್ತಿರಬೇಕು.

ಕಾರವಾರಕ್ಕೆ ಬಂದ ಮೊದಲ ಮಳೆಗಾಲದಲ್ಲಿ ಯಜಮಾನರ ಕಚೇರಿಯ ನಾಲ್ಕು ಜನ ಊಟಕ್ಕೆ ಬರುವವರಿದ್ದರು. ನಮ್ಮ ಕಡೆಯ ರುಚಿ ತೋರಿಸುವ ಹುಮ್ಮಸ್ಸಿನಲ್ಲಿ ಕರಕಲಿ ಮಾಡಿದೆ. ಸಮಯ ಉಳಿಸಲು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದೆ. ಹೊಸಬರಿಗೆ ಹುಳಿ ಜಾಸ್ತಿಯಾದೀತೆಂದು ಹುಣಸೆಯನ್ನು ಅರ್ಧಕ್ಕೆ ಇಳಿಸಿದೆ. ಎರಡೂ ಮಾಡಬಾರದ ಕೆಲಸ. ಮೊದಲ ತುತ್ತಿಗೇ ಪಂಕ್ತಿಯಲ್ಲಿ ಮಾತು ನಿಂತಿತು. ಒಬ್ಬರು ನೀರು ಕುಡಿದರು, ಇನ್ನೊಬ್ಬರು ಗಂಟಲು ಸರಿಮಾಡಿಕೊಂಡರು, ಮೂರನೆಯವರು ಬಹಳ ಸಂಕೋಚದಿಂದ ಒಂದು ತುಂಡು ಬೆಲ್ಲ ಸಿಕ್ಕೀತೇ ಎಂದು ಕೇಳಿದರು. ಚೆನ್ನಾಗಿದೆ ಎಂದು ನಾಲ್ವರೂ ಹೇಳಿದ್ದೇ ನನಗೆ ಹೆಚ್ಚು ನಾಚಿಕೆ ತಂದಿತು. ಅವರು ಹೋದ ಮೇಲೆ ಆಯಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರೆ, ಆಕೆ ನಗುವನ್ನೂ ಮುಚ್ಚಿಡದೆ, "ಹುಳಿ ಸಾಕಾಜಿಲ್ಲೆ ಕೂಸೆ, ಮತ್ತೆಂತದೂ ಅಲ್ಲ" ಎಂದಳು.

ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಅವು ಗಂಟಲಿಗೆ ಚುಚ್ಚಿದಾಗಲೇ ತುರಿಕೆ. ಹುಳಿ ಹಾಕಿ, ಆತುರವಿಲ್ಲದೆ ಬೇಯಿಸಿದರೆ ಅದು ಅಡಗುತ್ತದೆ. ಬಸಳೆಯ ವಿಷಯದಲ್ಲಿ ಹುಳಿ ಕಡೆಗೆ ಎಂದು ಹೇಳಿದವಳೇ ಇಲ್ಲಿ ಹುಳಿ ಮೊದಲು ಎನ್ನುತ್ತಿದ್ದೇನೆ. ಸೊಪ್ಪನ್ನೆಲ್ಲ ಒಂದೇ ರೀತಿಯಲ್ಲಿ ಬೇಯಿಸಬಾರದು ಎಂದದ್ದು ಇದಕ್ಕೇ. ಕೆಸುವಿಗೆ ಬಣ್ಣ ಉಳಿಯುವ ಚಿಂತೆಯಿಲ್ಲ, ಬೇಯದ ಬೇಳೆಯ ಚಿಂತೆಯಿಲ್ಲ, ಗಂಟಲಿನ ಚಿಂತೆಯೊಂದೇ. ಊರಿನಲ್ಲಿ ಇದಕ್ಕೆ ವಾಟೆಹುಳಿ ಹಾಕುವುದೂ ಉಂಟು. ಪಕ್ಕದ ಮನೆಯ ಬಾಯಿಗೆ ನನ್ನ ಪಜೀತಿ ತಿಳಿದು, ಮರುವಾರ ಒಂದು ಬೊಗಸೆ ಅಮಟೆಕಾಯಿ ತಂದುಕೊಟ್ಟು, ತಮ್ಮಲ್ಲಿ ಕೆಸುವಿನ ಎಲೆ ಮತ್ತು ದಂಟಿಗೆ ಇದನ್ನೇ ಜಜ್ಜಿ ಹಾಕುವುದೆಂದು ತಿಳಿಸಿದರು. ಅಂದಿನಿಂದ ನಮ್ಮ ಮನೆಯ ಕರಕಲಿ ಅರ್ಧ ಘಟ್ಟದ ಮೇಲಿನದು, ಅರ್ಧ ಕರಾವಳಿಯದು. ಅಮಟೆಕಾಯಿಯ ಹುಳಿಗೆ ಹುಣಸೆಗಿಲ್ಲದ ಮಾವಿನ ವಾಸನೆ ಇದೆ, ಕೆಸುವಿಗೆ ಅದು ಬಹಳ ಚೆನ್ನಾಗಿ ಒಗ್ಗುತ್ತದೆ. ಒಂದು ಎಚ್ಚರಿಕೆ: ಕೆಸುವನ್ನು ಹೆಚ್ಚುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು, ಎಲೆಯೂ ಕೈಯೂ ಒದ್ದೆಯಿರಬಾರದು. ಬೇಯಿಸಿದ್ದನ್ನು ಮೊದಲು ನಾವೇ ಒಂದು ಬೆರಳು ನೆಕ್ಕಿ, ಹತ್ತು ನಿಮಿಷ ಕಾದು, ಗಂಟಲು ಸುಮ್ಮನಿದ್ದರೆ ಮಾತ್ರ ಬಡಿಸಬೇಕು.

ಮೊದಲ ಮಳೆ ಬಿದ್ದು ಎರಡು ವಾರಕ್ಕೆ ರಸ್ತೆಯ ಬದಿಯಲ್ಲೆಲ್ಲ ತಗಟೆ ಗಿಡ ಏಳುತ್ತದೆ. ಚಗತೆ ಎಂದರೂ ಇದೇ, ಕೊಂಕಣಿಯವರ ತೈಕಿಳೊ ಕೂಡ ಇದೇ. ಕಾಸು ಕೊಟ್ಟು ಕೊಳ್ಳಬೇಕಾಗಿಲ್ಲ ಎಂಬ ಕಾರಣಕ್ಕೇ ಇದಕ್ಕೆ ಮರ್ಯಾದೆ ಕಡಿಮೆ. ಹೂ ಬಿಡುವುದಕ್ಕೆ ಮೊದಲು, ತುದಿಯ ಎಳೆ ಕುಡಿಯನ್ನು ಮಾತ್ರ ಚಿವುಟಬೇಕು. ಹಳದಿ ಹೂವು ಕಂಡ ಮೇಲೆ ಎಲೆ ಒರಟಾಗಿ ಕಹಿ ಹೆಚ್ಚುತ್ತದೆ. ಸಂಜೆಯಾಗುತ್ತಲೇ ಇದರ ಎಲೆಗಳು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುವುದರಿಂದ ಬೆಳಿಗ್ಗೆ ಹೋಗಿ ಕೊಯ್ಯುವುದು ಸುಲಭ. ಹಲಸಿನ ಬೀಜವನ್ನು ಬೇಯಿಸಿ ಜಜ್ಜಿ, ತಗಟೆಯ ಜೊತೆ ಪಲ್ಯ ಮಾಡಿ ಮೇಲಿಂದ ತೆಂಗಿನತುರಿ ಹಾಕಿದರೆ ಕುಚ್ಚಲಕ್ಕಿ ಗಂಜಿಗೆ ಅದೊಂದೇ ಸಾಕು. ವಾಹನಗಳ ಹೊಗೆ ಬಡಿಯುವ ಹೆದ್ದಾರಿಯ ಬದಿಯದನ್ನು ಮಾತ್ರ ಕೊಯ್ಯಬೇಡಿ. ನಾನು ಊರಿಗೆ ಹೋದಾಗ ಚೀಲ ತುಂಬ ತಂದು ಬಿಡುತ್ತೇನೆ, ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟುವ ಹೊತ್ತಿಗೆ ಬಸ್ಸೆಲ್ಲ ಅದರ ಒಗರು ವಾಸನೆಯಾಗಿರುತ್ತದೆ.

ನುಗ್ಗೆಸೊಪ್ಪಿಗೆ ಹೆಚ್ಚು ಮಾತು ಬೇಡ. ಎಲೆ ಬಿಡಿಸುವ ತಾಳ್ಮೆಯಿದ್ದವರಿಗೆ ಮಾತ್ರ ಅದು. ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಕೂತ ಮಗನಿಗೆ ಆ ಕೆಲಸ. ಹೆಸರುಬೇಳೆ ಹಾಕಿ ಪಲ್ಯ ಮಾಡುವುದು, ಇಲ್ಲವೇ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸುವುದು.

ತಂಬುಳಿಯನ್ನು ಊಟದ ಭಾರದ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ, ಆದರೆ ಅದಿಲ್ಲದೆ ಇಂಥ ಊಟ ಪೂರ್ಣವೂ ಆಗುವುದಿಲ್ಲ. ಒಂದು ಹಿಡಿ ಒಂದೆಲಗವನ್ನು ಬೇರಿನ ಸಮೇತ ತೊಳೆದು, ಹಸಿಯಾಗಿಯೇ ತೆಂಗಿನತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ನುಣ್ಣಗೆ ಬೀಸಿ, ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕದಡಿ ಉಪ್ಪು ಹಾಕುವುದು. ಕುದಿಸುವ ಮಾತೇ ಇಲ್ಲ. ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಒಗರಿರುವ ಕುಡಿಗಳಾದರೆ ಮೊದಲು ತುಪ್ಪದಲ್ಲಿ ಜೀರಿಗೆಯ ಜೊತೆ ಬಾಡಿಸಿಕೊಳ್ಳಬೇಕು. ಬೀಸುವಾಗ ನೀರು ಕಡಿಮೆಯಿರಲಿ. ಮಿಕ್ಸಿಯಲ್ಲಿ ಎಲೆಯ ನಾರು ಹಾಗೆಯೇ ಉಳಿದುಬಿಡುತ್ತದೆ ಎಂದು ಆಯಿ ಇವತ್ತಿಗೂ ತಂಬುಳಿಗೆ ಮಾತ್ರ ಒರಳನ್ನು ಬಿಟ್ಟಿಲ್ಲ. ನನ್ನ ಬಾಡಿಗೆ ಮನೆಗೆ ಒರಳು ಬರಲಾರದು. ಬೀಸಿದ್ದನ್ನು ತೆಳುಬಟ್ಟೆಯಲ್ಲಿ ಸೋಸಿ ಅಡ್ಜಸ್ಟ್ ಮಾಡಿಕೊಂಡಿದ್ದೇನೆ. ಹುಳಿ, ಪಲ್ಯ ಉಂಡು ಖಾರವೇರಿದ ಬಾಯಿಗೆ ಕಡೆಯ ಅನ್ನದ ಮೇಲೆ ತಂಬುಳಿ ಬಿದ್ದಾಗ ಊಟಕ್ಕೆ ಮತ್ತೆ ಜಾಗವಾಗುತ್ತದೆ. ನಮ್ಮ ಅಪ್ಪಯ್ಯ ಅದನ್ನು ಕೈಬೊಗಸೆಯಲ್ಲಿ ಹಾಕಿಸಿಕೊಂಡು ಕುಡಿದೇ ಏಳುತ್ತಿದ್ದರು.

ಈಗಿನ ನಮ್ಮ ಭಾನುವಾರದ ಊಟ ಸಾಮಾನ್ಯವಾಗಿ ಹೀಗಿರುತ್ತದೆ: ಅನ್ನ, ಹಲಸಿನ ಬೀಜ ಹಾಕಿದ ಬಸಳೆ ಹುಳಿ, ತಾಂಬಡಿ ಭಾಜಿ, ಒಂದೆಲಗದ ತಂಬುಳಿ, ಮಳೆಗಾಲವಾದರೆ ಕರಕಲಿ. ಎಲ್ಲವೂ ಸೊಪ್ಪೇ, ಆದರೆ ಒಂದು ಸಿಹಿಹುಳಿ, ಇನ್ನೊಂದು ಒಣ ಪಲ್ಯ, ಮತ್ತೊಂದು ತಂಪು, ಮಗದೊಂದು ಖಾರ. ಸಂತೆಯಿಂದ ಹತ್ತಕ್ಕೆ ಬಂದರೆ ಒಂದೂವರೆಗೆ ಎಲೆ ಹಾಕಬಹುದು. ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸೋಸಿ ತೊಳೆಯುವ ಕೆಲಸವೇ ಹೊರತು ಅಡುಗೆಯಲ್ಲ. ವಾರದ ದಿನ ಇಷ್ಟು ಆಗುವುದಿಲ್ಲ. ಆಗ ಹುಳಿ ಮತ್ತು ತಂಬುಳಿ ಎರಡೇ. ಸೊಪ್ಪನ್ನು ತಂದ ದಿನವೇ ತೊಳೆದಿಟ್ಟರೆ ಕೊಳೆಯುತ್ತದೆ. ಸೋಸಿ, ತೊಳೆಯದೆ, ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ಕಾರಣ, ಬಸಳೆಯನ್ನು ಮಾತ್ರ ಫ್ರಿಜ್ಜಿಗೆ ಹಾಕದೆ ಒಂದು ಚೊಂಬು ನೀರಿನಲ್ಲಿ ದಂಟು ಮುಳುಗುವಂತೆ ನಿಲ್ಲಿಸಿಡುತ್ತೇನೆ.

ಹಾಗೆ ನಿಲ್ಲಿಸಿಟ್ಟ ಬಸಳೆಯ ಬಲಿತ ದಂಟೆರಡು ಕಳೆದ ವರ್ಷ ಚೊಂಬಿನಲ್ಲಿಯೇ ಬೇರು ಬಿಟ್ಟವು. ಖಾಲಿ ಪೇಂಟಿನ ಡಬ್ಬಿಗೆ ಮಣ್ಣು ತುಂಬಿ ಊರಿದೆ. ಅಕ್ಕಿ ತೊಳೆದ ನೀರನ್ನು ಬಿಟ್ಟು ಬೇರೇನನ್ನೂ ಅದಕ್ಕೆ ಹಾಕಲಿಲ್ಲ. ಈಗ ಅದು ತಾರಸಿಯ ಬಟ್ಟೆ ಒಣಗಿಸುವ ತಂತಿಯ ಮೇಲೆ ಹಬ್ಬಿ ಎರಡು ಮಾರು ಹೋಗಿದೆ. ಹುಳಿ ಉಳಿದರೆ ಮರುದಿನ ಬೆಳಿಗ್ಗೆ ಅದನ್ನು ಗಟ್ಟಿಯಾಗುವವರೆಗೆ ಕುದಿಸಿ ಬತ್ತಿಸಿ ತೆಳ್ಳೇವಿನ (ತೆಳು ದೋಸೆಯ) ಜೊತೆ ಬಡಿಸುತ್ತೇನೆ. ಆ ದಿನ ಮಾತ್ರ ಮುಚ್ಚಳ ಎತ್ತಿ ನೋಡಿದವರಿಬ್ಬರೂ "ಇಷ್ಟೇ ಉಳಿದದ್ದೇ?" ಎಂದು ಕೇಳುತ್ತಾರೆ.